ಕೂಗಿಲ್ಲದ ಜೀವಗಳು: ಕಚ್ ಕೊಲ್ಲಿಯ ಹವಳದ ದಿಬ್ಬಗಳ ಸಮೀಕ್ಷೆ ಮತ್ತು ಸಂರಕ್ಷಣೆಯ ಇತಿಹಾಸ

ಇಪ್ಪತ್ತೆರಡನೆಯ ತೀರ್ಥಂಕರರಾದ ಭಗವಾನ್ ನೇಮಿನಾಥರ ಚರಿತೆಯನ್ನು ಕೇಳದ ಜೈನ ಮನೆತನವಿರಲಾರದು. ವಿವಾಹಕ್ಕೆಂದು ಹೊರಟ ಮೆರವಣಿಗೆ, ದಾರಿಯ ಬದಿಯಲ್ಲಿ ಕೂಡಿಹಾಕಿದ ಮೃಗಗಳು, ಅವುಗಳ ಆರ್ತನಾದ, ಹಿಂದಿರುಗಿದ ರಥ, ಊರ್ಜಯಂತಗಿರಿಯ ತಪಸ್ಸು. ಕನ್ನಡದಲ್ಲಿಯೂ 12ನೆಯ ಶತಮಾನದ ಕರ್ಣಪಾರ್ಯನು ಈ ಪುಣ್ಯಚರಿತೆಯನ್ನು ಪುರಾಣವಾಗಿ ರಚಿಸಿದ್ದಾನೆ. ಜೀವಿಗಳ ಕೂಗು ಸ್ವಾಮಿಯ ಕಿವಿಗೆ ಬಿದ್ದಿತು, ಕರುಣೆ ವೈರಾಗ್ಯವಾಯಿತು. ಆದರೆ ಕೂಗಲು ಕಂಠವೇ ಇಲ್ಲದ ಜೀವಿಗಳ ಗತಿ ಏನು? ಅವುಗಳ ನೋವು ನಮ್ಮನ್ನು ತಲಪುವ ಬಗೆ ಯಾವುದು?

ಈ ಪ್ರಶ್ನೆಯನ್ನು ಕೇಳುವುದಕ್ಕೆ ನೇಮಿನಾಥರ ದ್ವಾರಾವತಿಯ ಸ್ಮರಣೆ ಬೆಸೆದುಕೊಂಡಿರುವ ಕಡಲತೀರವೇ ತಕ್ಕ ಸ್ಥಳ. ಇಂದಿನ ದ್ವಾರಕೆ ಇರುವ ಓಖಾಮಂಡಲದಿಂದ ಪೂರ್ವಕ್ಕೆ, ಜಾಮ್‌ನಗರದ ಆಚೆಯವರೆಗೆ, ಕಚ್ ಕೊಲ್ಲಿಯ ದಕ್ಷಿಣ ದಂಡೆಯುದ್ದಕ್ಕೂ ಹವಳದ ದಿಬ್ಬಗಳಿವೆ. ಭಾರತದ ಹವಳದ ದಿಬ್ಬಗಳಲ್ಲಿ ಅತ್ಯಂತ ಉತ್ತರದವು ಇವೇ. ಗಿರನಾರ್ ಯಾತ್ರೆಗೆ ಹೋಗುವ ಕರ್ನಾಟಕದ ಶ್ರಾವಕ-ಶ್ರಾವಿಕೆಯರಲ್ಲಿ ಅನೇಕರು ದ್ವಾರಕೆಯನ್ನೂ ನೋಡಿ ಬರುತ್ತಾರೆ. ಜಾಮ್‌ನಗರದ ಚಾಂದಿ ಬಜಾರಿನ ಪ್ರಾಚೀನ ಜಿನಮಂದಿರಗಳನ್ನು ದರ್ಶಿಸುವವರೂ ಉಂಟು. ಆ ಮಂದಿರಗಳಿಂದ ಅನತಿ ದೂರದಲ್ಲಿ, ಸಮುದ್ರದ ನೀರಿನಡಿಯಲ್ಲಿ, ಅಸಂಖ್ಯ ಜೀವಿಗಳು ಶತಮಾನಗಳಿಂದ ಕಟ್ಟಿದ ಮತ್ತೊಂದು ಆಲಯವಿದೆ ಎಂಬುದು ಬಹುಜನರಿಗೆ ತಿಳಿಯದು.

ಕಲ್ಲೋ, ಗಿಡವೋ, ಪ್ರಾಣಿಯೋ?

ನಮ್ಮ ಆಗಮಗಳು ಹವಳವನ್ನು ಮರೆತಿಲ್ಲ. ಮೂಲಾಚಾರದಲ್ಲಿಯೂ ಉತ್ತರಾಧ್ಯಯನದ ಜೀವಾಜೀವ ವಿಭಾಗದಲ್ಲಿಯೂ ಪೃಥ್ವೀಕಾಯದ ಭೇದಗಳನ್ನು ಹೇಳುವಾಗ ಮಣ್ಣು, ಮರಳು, ಉಪ್ಪು, ಲೋಹ, ರತ್ನಗಳೊಡನೆ ಪ್ರವಾಳವನ್ನೂ, ಅಂದರೆ ಹವಳವನ್ನೂ, ಎಣಿಸಲಾಗಿದೆ. ಶಂಖ, ಕವಡೆ ಮೊದಲಾದವುಗಳ ಜೀವಿಗಳನ್ನು ದ್ವೀಂದ್ರಿಯಗಳಲ್ಲಿ ಸೇರಿಸಲಾಗಿದೆ. ಹವಳವನ್ನು ಜಡವಸ್ತುವೆಂದು ಲೋಕವೆಲ್ಲ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿಯೂ ಜೈನಾಚಾರ್ಯರು ಅದರ ಹೆಸರನ್ನು ಜೀವಗಳ ಪಟ್ಟಿಯಲ್ಲಿ ಬರೆದರೆಂಬುದು ಮನನೀಯ ಸಂಗತಿ.

ಯುರೋಪಿನಲ್ಲಿ ಈ ವಿಚಾರ ಬಹುಕಾಲ ತೊಡಕಾಗಿಯೇ ಉಳಿದಿತ್ತು. 18ನೆಯ ಶತಮಾನದ ಆರಂಭದಲ್ಲಿ ಇಟಲಿಯ ಮಾರ್ಸಿಲಿ ಎಂಬ ವಿದ್ವಾಂಸನು ಹವಳದ ಕೊಂಬೆಗಳಲ್ಲಿ ಬಿಳಿಯ ಎಸಳುಗಳು ಅರಳುವುದನ್ನು ಕಂಡು ಅದನ್ನು ಹೂಬಿಡುವ ಸಸ್ಯವೆಂದು ನಿರ್ಣಯಿಸಿದನು. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯನು ಆ ಹೂವುಗಳೆಲ್ಲ ಸಣ್ಣ ಪ್ರಾಣಿಗಳೆಂದು ತೋರಿಸಿದಾಗ ಪ್ಯಾರಿಸ್ಸಿನ ವಿದ್ವತ್ಪರಿಷತ್ತು ಅವನ ಮಾತನ್ನು ಒಪ್ಪಲಿಲ್ಲ. ಆತನ ಅಭಿಪ್ರಾಯವೇ ಸರಿಯೆಂದು ಮನ್ನಣೆ ಪಡೆಯಲು ಹಲವು ವರ್ಷಗಳ ಕಾಲ ಬೇಕಾಯಿತು.

ಇಂದಿನ ವಿಜ್ಞಾನದಂತೆ, ದಿಬ್ಬ ಕಟ್ಟುವ ಹವಳವು ಸಾವಿರಾರು ಕಿರುಪ್ರಾಣಿಗಳ ಸಮೂಹ. ಒಂದೊಂದಕ್ಕೂ ಬಾಯಿ, ಬಾಯ ಸುತ್ತ ಗ್ರಹಣಾಂಗಗಳು. ಸ್ಪರ್ಶವಾದೊಡನೆ ಅದು ಮುದುಡಿಕೊಳ್ಳುತ್ತದೆ. ತನ್ನ ತಳದಲ್ಲಿ ಸುಣ್ಣದ ಬಟ್ಟಲನ್ನು ಸ್ರವಿಸಿ ಅದರೊಳಗೆ ವಾಸಿಸುತ್ತದೆ. ಅದರ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ನೆಲಸಿ, ಬಿಸಿಲಿನಿಂದ ಆಹಾರ ಸಿದ್ಧಪಡಿಸಿ ಆತಿಥೇಯನಿಗೆ ಹಂಚುತ್ತವೆ. ಪ್ರತಿಯಾಗಿ ಆಶ್ರಯವನ್ನೂ ಪೋಷಕಾಂಶವನ್ನೂ ಪಡೆಯುತ್ತವೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಜೀವಗಳ ಪರಸ್ಪರ ಉಪಕಾರವನ್ನು ಕುರಿತು ಹೇಳಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಹುಡುಕುವುದು ಕಷ್ಟ. ನೀರು ಮಿತಿಮೀರಿ ಬಿಸಿಯಾದರೆ ಈ ಸಖ್ಯ ಮುರಿಯುತ್ತದೆ. ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಬಿಸಿ ತಗ್ಗದಿದ್ದರೆ ಹಸಿವಿನಿಂದ ಸಾಯುತ್ತದೆ.

ಹಾಗಾದರೆ ಹವಳವನ್ನು ಏಕೇಂದ್ರಿಯವೆನ್ನಬೇಕೋ, ದ್ವೀಂದ್ರಿಯವೆನ್ನಬೇಕೋ? ಶಾಸ್ತ್ರಕಾರರು ಹೆಸರಿಸಿದ ಪ್ರವಾಳವು ರತ್ನವಾಗಿ ಬಳಕೆಯಲ್ಲಿದ್ದ ಕೆಂಪು ಹವಳ. ಕೊಲ್ಲಿಯ ದಿಬ್ಬ ಕಟ್ಟುವ ಹವಳಗಳು ಬೇರೆ ಜಾತಿಯವು. ಶಾಸ್ತ್ರವನ್ನು ವಿಜ್ಞಾನದಿಂದಲೂ ವಿಜ್ಞಾನವನ್ನು ಶಾಸ್ತ್ರದಿಂದಲೂ ಬಲವಂತವಾಗಿ ಸಮರ್ಥಿಸುವುದು ಎರಡಕ್ಕೂ ಗೌರವವಲ್ಲ. ನಿರ್ಣಯವನ್ನು ಪೂಜ್ಯ ಮುನಿಗಳಿಗೂ ವಿದ್ವಾಂಸರಿಗೂ ಬಿಡೋಣ. ಆಚರಣೆಯ ಮಟ್ಟದಲ್ಲಿ ಮಾತ್ರ ಸಂದೇಹವಿಲ್ಲ: ಯಾವ ಎಣಿಕೆಯಂತೆ ನೋಡಿದರೂ ಅದು ಜೀವ. ಸಂಶಯವಿರುವಲ್ಲಿ ಹೆಚ್ಚಿನ ಯತ್ನಾಚಾರವೇ ಶ್ರಾವಕನ ಮಾರ್ಗ.

ಮೊದಲ ಸಮೀಕ್ಷೆಗಳು

ಸ್ವಾತಂತ್ರ್ಯಪೂರ್ವದಲ್ಲಿ ಓಖಾಮಂಡಲವು ಬರೋಡ ಸಂಸ್ಥಾನಕ್ಕೆ ಸೇರಿತ್ತು. ಮಹಾರಾಜ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯ ಕಾಲದಲ್ಲಿ ಸಂಸ್ಥಾನವು ಜೇಮ್ಸ್ ಹಾರ್ನೆಲ್ ಎಂಬ ಸಮುದ್ರಜೀವಿ ತಜ್ಞನಿಂದ ಅಲ್ಲಿಯ ಕಡಲನ್ನು ಪರೀಕ್ಷೆ ಮಾಡಿಸಿತು. ಆತನ ವರದಿಯ ಮೊದಲ ಭಾಗ 1909ರಲ್ಲಿಯೂ ಎರಡನೆಯ ಭಾಗ 1916ರಲ್ಲಿಯೂ ಪ್ರಕಟವಾದುವು. ಮುತ್ತು, ಶಂಖ ಮೊದಲಾದ ಆದಾಯದ ವಸ್ತುಗಳೇ ಆ ಕಾಲದ ಸಂಸ್ಥಾನಗಳಿಗೆ ಮುಖ್ಯವಾಗಿದ್ದುವು. ಆದರೂ ಈ ತೀರದ ಜೀವರಾಶಿಯನ್ನು ಹೆಸರಿಟ್ಟು ದಾಖಲಿಸಿದ ಆದ್ಯ ಗ್ರಂಥಗಳಲ್ಲಿ ಅದೊಂದು. ಸ್ವಾತಂತ್ರ್ಯಾನಂತರ 1957ರಲ್ಲಿ ಕೊಲ್ಲಿಯ ಸಮುದ್ರಜೀವಿಗಳ ಪ್ರಾಥಮಿಕ ಸಮೀಕ್ಷೆಯೊಂದು ಮುಂಬಯಿಯ ಪ್ರಕೃತಿ ಇತಿಹಾಸ ಸಂಘದ ಪತ್ರಿಕೆಯಲ್ಲಿ ಹೊರಬಂದಿತು. ಹವಳಗಳನ್ನೇ ಕುರಿತ ಸವಿವರವಾದ ಪಟ್ಟಿಯನ್ನು ಸಿ. ಎಸ್. ಜಿ. ಪಿಳ್ಳೈ ಮತ್ತು ಎಂ. ಐ. ಪಟೇಲ್ ಎಂಬ ವಿಜ್ಞಾನಿಗಳು ಪ್ರಕಟಿಸಿದುದು 1988ರಲ್ಲಿ. ಕಲ್ಲುಹವಳಗಳ 37 ಜಾತಿಗಳನ್ನು ಅವರು ಗುರುತಿಸಿದರು.

ಈ ಜೀವಿಗಳ ಸಹನಶಕ್ತಿ ಅಚ್ಚರಿಯದು. ಕೊಲ್ಲಿಯ ನೀರು ಕೆಸರಿನಿಂದ ಕದಡಿರುತ್ತದೆ. ಉಪ್ಪಿನ ಅಂಶ ಸಾಮಾನ್ಯ ಸಮುದ್ರಕ್ಕಿಂತ ಹೆಚ್ಚು. ಚಳಿಗಾಲದಲ್ಲಿ ನೀರು ಬಹಳ ತಣ್ಣಗಾಗುತ್ತದೆ. ಭರತ ಇಳಿತಗಳ ಅಂತರ ಹಲವು ಮೀಟರುಗಳಷ್ಟಿದ್ದು, ಇಳಿತದಲ್ಲಿ ದಿಬ್ಬದ ಮೇಲ್ಭಾಗ ಗಂಟೆಗಟ್ಟಲೆ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಇಷ್ಟೆಲ್ಲ ಪರೀಷಹಗಳನ್ನು ಸಹಿಸಬಲ್ಲ ಗುಂಡುಬಂಡೆಯಂತಹ ಹವಳಗಳೇ ಇಲ್ಲಿ ಹೆಚ್ಚು. 1998ರಲ್ಲಿ ಹಿಂದೂ ಮಹಾಸಾಗರವೆಲ್ಲ ಕಾದಾಗ ಲಕ್ಷದ್ವೀಪದಲ್ಲಿ ಶೇಕಡ 82ರಷ್ಟು, ಮನ್ನಾರ್ ಕೊಲ್ಲಿಯಲ್ಲಿ ಶೇಕಡ 89ರಷ್ಟು ಹವಳ ಬಿಳಿಚಿಕೊಂಡಿತೆಂದು ಸಂಶೋಧಕ ರೋಹನ್ ಆರ್ಥರ್ 2000ದಲ್ಲಿ ವರದಿ ಮಾಡಿದರು. ಕಚ್ ಕೊಲ್ಲಿಯಲ್ಲಿ ಅದು ಸುಮಾರು ಶೇಕಡ 11 ಮಾತ್ರ. ಪ್ರಕೃತಿಯ ಕಠೋರತೆಯನ್ನು ಇಷ್ಟು ತಾಳಿಕೊಂಡ ಜೀವಿ ಮನುಷ್ಯನ ಕೈಯನ್ನು ಮಾತ್ರ ತಾಳಲಾರದಾಯಿತು.

ಎಣಿಸುವ ಮುನ್ನವೇ ತೆಗೆದದ್ದು

ಹವಳದ ದಿಬ್ಬವೆಂದರೆ ಶುದ್ಧ ಸುಣ್ಣ. ಸಿಮೆಂಟಿಗೆ ಬೇಕಾದುದೂ ಸುಣ್ಣವೇ. ಜಾಮ್‌ನಗರದ ಸಮೀಪದ ತೀರದಲ್ಲಿ ಸಿಮೆಂಟ್ ತಯಾರಿಕೆಗಾಗಿ ದಿಬ್ಬಗಳ ಸುಣ್ಣಮರಳನ್ನು ಯಂತ್ರಗಳಿಂದ ಬಾಚಿ ತೆಗೆಯುವ ಕಾರ್ಯ ದಶಕಗಳ ಕಾಲ ನಡೆಯಿತು. ಬಾಚಿದ ಜಾಗ ಹಾಳಾದದ್ದಷ್ಟೇ ಅಲ್ಲ. ಎದ್ದ ಕೆಸರು ಸುತ್ತಣ ಹವಳಗಳ ಮೇಲೂ ಕುಳಿತಿತು. ದೊಡ್ಡ ಗುಂಡುಹವಳವೊಂದು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರಿನಷ್ಟು. ಒಂದು ಬಾಚಿನಲ್ಲಿ ಹೋದುದು ಎಷ್ಟು ತಲೆಮಾರುಗಳ ಬಾಳು ಎಂಬುದನ್ನು ಇದರಿಂದಲೇ ಊಹಿಸಬಹುದು. ತೀರದ ಕಾಂಡ್ಲ ಕಾಡುಗಳನ್ನು ಸೌದೆಗಾಗಿಯೂ ಮೇವಿಗಾಗಿಯೂ ಕಡಿಯಲಾಯಿತು. ಮಣ್ಣನ್ನು ಹಿಡಿದಿಡುವ ಬೇರುಗಳು ಹೋದಮೇಲೆ ಹೂಳು ನೇರವಾಗಿ ದಿಬ್ಬದ ಮೇಲೆ ಇಳಿಯಿತು. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ವಿಜ್ಞಾನಿಗಳು 1975ರಿಂದ ತೆಗೆದ ಉಪಗ್ರಹ ಚಿತ್ರಗಳನ್ನು ಹೋಲಿಸಿ, ಒಂದು ದಶಕದಲ್ಲಿ ದಿಬ್ಬಗಳೂ ಕಾಂಡ್ಲ ಕಾಡೂ ಕುಗ್ಗಿದುದನ್ನು ತೋರಿಸಿದರು.

ಕೊಂಬೆ ಕೊಂಬೆಯಾಗಿ ಬೆಳೆಯುವ ಅಕ್ರೊಪೊರಾ ಎಂಬ ಹವಳದ ಸತ್ತ ಅವಶೇಷಗಳು ಮಾತ್ರ ಮುಂದಿನ ಸಮೀಕ್ಷಕರಿಗೆ ದೊರೆತುವು. ಒಂದು ಕಾಲದಲ್ಲಿ ಇಲ್ಲಿ ಇದ್ದುದು ಇಲ್ಲವಾಗಿದೆ ಎಂಬುದಕ್ಕೆ ಆ ತುಂಡುಗಳೇ ಸಾಕ್ಷಿ. ಗಮನಿಸಬೇಕಾದುದು ಕಾಲಕ್ರಮವನ್ನು: ಬಾಚುವ ಯಂತ್ರ ಮೊದಲು ಬಂದಿತು, ಪಟ್ಟಿ ಆಮೇಲೆ ಬಂದಿತು. ಯಾವ ಜೀವ ಎಲ್ಲಿದೆಯೆಂದು ಅರಿಯುವ ಮುನ್ನವೇ ಕೈ ಚಾಚಲಾಯಿತು. ಅಲ್ಲಿ ದುಡಿದವರಾಗಲಿ, ಸಿಮೆಂಟನ್ನು ಕೊಂಡವರಾಗಲಿ ಕ್ರೂರಿಗಳಲ್ಲ. ಆ ಸಿಮೆಂಟಿನಿಂದ ಶಾಲೆಗಳೂ ಆಸ್ಪತ್ರೆಗಳೂ ಎದ್ದಿರಬಹುದು. ದ್ವೇಷವಿಲ್ಲದೆ, ತಿಳಿಯದೆ ನಡೆದ ಹಿಂಸೆ ಅದು. ಆದರೆ ಪ್ರಮತ್ತಯೋಗದಿಂದಾದ ಪ್ರಾಣಹರಣವೇ ಹಿಂಸೆಯೆಂಬುದು ನಮ್ಮ ಸಿದ್ಧಾಂತ. ತಿಳಿಯಲು ಯತ್ನಿಸದಿರುವುದೂ ಪ್ರಮಾದವೇ.

ಉದ್ಯಾನ, ಕಾಯಿದೆ, ನ್ಯಾಯಾಲಯ

1980ರಲ್ಲಿ ಗುಜರಾತ್ ಸರ್ಕಾರವು ಈ ತೀರದ ಭಾಗವನ್ನು ಸಮುದ್ರ ಅಭಯಧಾಮವೆಂದು ಘೋಷಿಸಿತು. 1982ರಲ್ಲಿ ಅದರ ಸುಮಾರು 163 ಚದರ ಕಿಲೋಮೀಟರ್ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಭಾರತದಲ್ಲಿ ಸಮುದ್ರಕ್ಕಾಗಿ ಮೀಸಲಾದ ಮೊದಲ ರಾಷ್ಟ್ರೀಯ ಉದ್ಯಾನವಿದು. ಪಿರೋಟನ್, ನರಾರಾ, ಕರುಭಾರ್ ಮೊದಲಾದ ನಲವತ್ತೆರಡು ದ್ವೀಪಗಳು ಇದರ ವ್ಯಾಪ್ತಿಗೆ ಬರುತ್ತವೆ. 1991ರ ಕರಾವಳಿ ನಿಯಂತ್ರಣ ಅಧಿಸೂಚನೆಯು ಹವಳದ ದಿಬ್ಬಗಳಿರುವ ತಾಣಗಳನ್ನು ಅತಿ ಸೂಕ್ಷ್ಮ ವರ್ಗದಲ್ಲಿರಿಸಿತು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೂ ಆನೆಗೂ ಇರುವ ರಕ್ಷಣೆ ಬಾಯಿಲ್ಲದ ಈ ಜೀವಿಗೂ ಕಾಗದದ ಮೇಲಾದರೂ ದೊರೆಯಿತು.

ಇತ್ತ ತೀರವೂ ಸುಮ್ಮನಿರಲಿಲ್ಲ. ಕೊಲ್ಲಿಯ ಆಳವಾದ ನೀರು ದೊಡ್ಡ ತೈಲನೌಕೆಗಳಿಗೆ ಅನುಕೂಲ. 1978ರಲ್ಲಿಯೇ ಸಲಾಯಾದಿಂದ ಮಥುರೆಗೆ ಕಚ್ಚಾ ತೈಲದ ಕೊಳವೆಮಾರ್ಗ ಆರಂಭವಾಗಿತ್ತು. 1999ರಲ್ಲಿ ಜಾಮ್‌ನಗರದ ಬಳಿ ಬೃಹತ್ ತೈಲ ಸಂಸ್ಕರಣಾಗಾರ ಕಾರ್ಯಾರಂಭ ಮಾಡಿತು. ವಾಡಿನಾರಿನಲ್ಲಿ ಮತ್ತೊಂದು ಸಂಸ್ಕರಣಾಗಾರಕ್ಕೆ ಸಮುದ್ರದಿಂದ ತೈಲ ತರುವ ಕೊಳವೆಯನ್ನು ಉದ್ಯಾನದ ಮೂಲಕ ಹಾಯಿಸಬಹುದೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಹಾಲಾರ್ ಉತ್ಕರ್ಷ ಸಮಿತಿ ಎಂಬ ಸಂಸ್ಥೆಯು ಇದನ್ನು ವಿರೋಧಿಸಿತು. ಗುಜರಾತ್ ಉಚ್ಚ ನ್ಯಾಯಾಲಯ ತಡೆಯೊಡ್ಡಿತು. 2004ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಬದಿಗಿರಿಸಿ ಕೊಳವೆಗೆ ಅವಕಾಶವಿತ್ತಿತು. ಅಭಯಧಾಮದಲ್ಲಿ ವನ್ಯಜೀವಿಗಳ ನಾಶಕ್ಕೆ ಅನುಮತಿ ಕೊಡಬೇಕಾದರೆ ಅದು ವನ್ಯಜೀವಿಗಳ ಒಳಿತಿಗಾಗಿಯೇ ಇರಬೇಕು. ಆದರೆ ಕೊಳವೆ ಹಾಯಿಸುವುದರಿಂದ ನಾಶ ಆಗಿಯೇ ತೀರುತ್ತದೆಂದು ಹೇಳಲಾಗದು ಎಂಬುದು ನ್ಯಾಯಾಲಯದ ವಿಚಾರಸರಣಿಯ ಸಾರ.

ಈ ತೀರ್ಪನ್ನು ಖಂಡಿಸುವುದಾಗಲಿ ಕೊಂಡಾಡುವುದಾಗಲಿ ಇಲ್ಲಿನ ಉದ್ದೇಶವಲ್ಲ. ದೇಶಕ್ಕೆ ಇಂಧನ ಬೇಕು. ಅದನ್ನು ಬಳಸುವವರಲ್ಲಿ ನಾವೂ ಇದ್ದೇವೆ. ಆದರೆ ಅಲ್ಲಿ ಎದ್ದ ಪ್ರಶ್ನೆ ನಮಗೆ ಪರಿಚಿತವಾದುದೇ. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದರು. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಪೂರ್ತಿಯಾಗಿ ತಪ್ಪದು; ಆದರೆ ಅದನ್ನು ಕನಿಷ್ಠವಾಗಿಸುವ ಹೊಣೆ ಅವನದು. ನಾಶವಾಗುವುದೋ ಇಲ್ಲವೋ ಎಂದು ಹೇಳಬೇಕಾದರೆ ಅಲ್ಲಿ ಏನಿದೆಯೆಂದು ಮೊದಲು ತಿಳಿದಿರಬೇಕು. ಅನುಮತಿಯ ಪ್ರತಿಯೊಂದು ಪ್ರಶ್ನೆಯೂ ಕೊನೆಗೆ ಸಮೀಕ್ಷೆಯ ಪ್ರಾಮಾಣಿಕತೆಯ ಪ್ರಶ್ನೆಯಾಗಿ ನಿಲ್ಲುತ್ತದೆ.

ಸಮೀಕ್ಷೆಯೆಂಬ ಸಮಿತಿ

ಸಮೀಕ್ಷೆ ನಡೆಯುವ ಬಗೆಯನ್ನು ತಿಳಿದರೆ ಧರ್ಮಜ್ಞರಿಗೆ ಸಂತೋಷವಾದೀತು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತವೂ ಇಳಿತವೂ ದೊಡ್ಡವು. ಆ ಇಳಿತದಲ್ಲಿ ನರಾರಾದಂತಹ ಕಡೆಗಳಲ್ಲಿ ಕಡಲು ಬಹುದೂರ ಹಿಂದೆ ಸರಿಯುತ್ತದೆ. ನಾವು ಪರ್ವತಿಥಿಗಳೆಂದು ಪಾಲಿಸುವ ದಿನಗಳ ನೆರೆಯಲ್ಲಿಯೇ ಸಮೀಕ್ಷಕರ ಕೆಲಸ. ದಿಬ್ಬದ ಮೇಲೆ ಅಳತೆಪಟ್ಟಿಯನ್ನು ನೇರವಾಗಿ ಹಾಸಿ, ಅದರ ಕೆಳಗೆ ಬರುವುದೇನೆಂದು ಒಂದೊಂದಾಗಿ ಬರೆದುಕೊಳ್ಳುತ್ತಾರೆ: ಇಲ್ಲಿ ಜೀವಂತ ಹವಳ, ಇಲ್ಲಿ ಸತ್ತದ್ದು, ಇಲ್ಲಿ ಪಾಚಿ, ಇಲ್ಲಿ ಮರಳು. ಇಲ್ಲವೇ ನಿಶ್ಚಿತ ಅಳತೆಯ ಚೌಕಟ್ಟನ್ನು ಇರಿಸಿ ಅದರೊಳಗಿನ ಜೀವಿಗಳನ್ನು ಎಣಿಸುತ್ತಾರೆ. ಆಳದಲ್ಲಿ ಮುಳುಗುಗಾರರು ಇದನ್ನೇ ಮಾಡುತ್ತಾರೆ. ಅದೇ ಜಾಗಕ್ಕೆ ಮುಂದಿನ ವರ್ಷ ಮರಳಿ ಬಂದು ಮತ್ತೆ ಎಣಿಸುತ್ತಾರೆ. ಉಪಗ್ರಹವು ದಿಬ್ಬದ ವಿಸ್ತಾರವನ್ನು ತೋರಿಸೀತು; ಕಚ್ ಕೊಲ್ಲಿಯ ದಿಬ್ಬಪ್ರದೇಶ ಸುಮಾರು 460 ಚದರ ಕಿಲೋಮೀಟರ್ ಎಂದು 1997ರ ನಕಾಶೆ ಲೆಕ್ಕವಿಟ್ಟಿತು. ಆದರೆ ಅದರಲ್ಲಿ ಬದುಕಿರುವುದೆಷ್ಟು, ಸತ್ತುದೆಷ್ಟು ಎಂಬುದನ್ನು ಬಗ್ಗಿ ನೋಡಿದವನೇ ಹೇಳಬೇಕು.

ಬಗ್ಗಿ ನೋಡಿ ಹೆಜ್ಜೆಯಿಡುವುದು, ನೋಡಿ ವಸ್ತುವನ್ನು ಎತ್ತುವುದು, ನೋಡಿ ಇಳಿಸುವುದು. ಈರ್ಯಾ ಸಮಿತಿ, ಆದಾನನಿಕ್ಷೇಪಣ ಸಮಿತಿಗಳೆಂದು ನಮ್ಮ ಮುನಿಗಳು ನಿತ್ಯವೂ ಆಚರಿಸುವುದು ಇದನ್ನೇ ಅಲ್ಲವೇ? ಪಿಂಛಿಯಿಂದ ನೆಲವನ್ನು ಮೃದುವಾಗಿ ಪರಿಮಾರ್ಜಿಸಿ ಕುಳಿತುಕೊಳ್ಳುವ ಮುನಿಯನ್ನು ಕಂಡು ಬೆಳೆದ ಸಮಾಜ ನಮ್ಮದು. ಸಾವಿರಾರು ಟನ್ನಿನ ಕೊಳವೆಯನ್ನೋ ಬಂದರಿನ ಕಟ್ಟೆಯನ್ನೋ ಕಡಲತಳಕ್ಕೆ ಇಳಿಸುವ ಮುನ್ನ ಅಲ್ಲೇನಿದೆಯೆಂದು ನೋಡುವುದು ಅದೇ ಪ್ರತಿಲೇಖನದ ವಿಸ್ತೃತ ರೂಪ. ಕೂಗಲಾರದ ಜೀವದ ಪರವಾಗಿ ನಮಗೆ ಕೇಳಿಸುವ ಧ್ವನಿ ಈ ಎಣಿಕೆಯೊಂದೇ. ನೇಮಿಸ್ವಾಮಿಗೆ ಕಿವಿಯಿಂದ ತಿಳಿದುದು ನಮಗೆ ಇಲ್ಲಿ ಲೆಕ್ಕದಿಂದ ತಿಳಿಯಬೇಕಾಗಿದೆ.

ಮರಳಿ ನೆಡುವ ಯತ್ನ

ಇತಿಹಾಸದ ಇತ್ತೀಚಿನ ಅಧ್ಯಾಯ ಆಶಾದಾಯಕವಾಗಿದೆ. ಓಖಾಮಂಡಲದ ಮೀಠಾಪುರದಲ್ಲಿ 2008ರಿಂದ ಗುಜರಾತಿನ ಅರಣ್ಯ ಇಲಾಖೆ, ಭಾರತೀಯ ವನ್ಯಜೀವಿ ಟ್ರಸ್ಟ್ ಮತ್ತು ಅಲ್ಲಿಯ ರಾಸಾಯನಿಕ ಉದ್ಯಮ ಸೇರಿ ಹವಳದ ದಿಬ್ಬದ ಪುನಶ್ಚೇತನಕ್ಕೆ ತೊಡಗಿದುವು. ಕಣ್ಮರೆಯಾಗಿದ್ದ ಅಕ್ರೊಪೊರಾವನ್ನು ಲಕ್ಷದ್ವೀಪದಿಂದ ತಂದು ನೆಡುವ ಪ್ರಯೋಗವೂ ನಡೆಯಿತು. 2020ರ ಜನವರಿಯಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯು ಅದೇ ಮೀಠಾಪುರದ ಕಡಲಿನಲ್ಲಿ ಉಕ್ಕಿನ ಹಂದರವೊಂದನ್ನು ಇಳಿಸಿ, ಅದರಲ್ಲಿ ಅಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಸಿ, ನೀರಿನ ಖನಿಜಗಳು ಹಂದರದ ಮೇಲೆ ಸುಣ್ಣವಾಗಿ ಕೂಡುವಂತೆ ಮಾಡಿ, ಹವಳದ ತುಂಡುಗಳನ್ನು ಬೆಳೆಸುವ ವಿಧಾನವನ್ನು ಭಾರತದಲ್ಲಿ ಮೊದಲ ಬಾರಿಗೆ ಪರೀಕ್ಷಿಸಿತು.

ಈ ಶ್ರಮ ಶ್ಲಾಘ್ಯವಾದುದು. ಆದರೆ ಒಂದು ಎಚ್ಚರವೂ ಬೇಕು. ಮತ್ತೆ ನೆಡಬಹುದು ಎಂಬ ಧೈರ್ಯವೇ ಕೀಳುವುದಕ್ಕೆ ಸಮರ್ಥನೆಯಾಗಬಾರದು. ಪ್ರತಿಕ್ರಮಣದಿಂದ ದೋಷ ಕಳೆಯುತ್ತದೆಂದು ದೋಷವನ್ನು ಮುಂದುವರಿಸುವವನ ಪ್ರತಿಕ್ರಮಣ ಬರಿಯ ಬಾಯಿಪಾಠ. ಎಷ್ಟು ನೆಟ್ಟೆವೆಂಬುದಕ್ಕಿಂತ, ಐದು ಹತ್ತು ವರ್ಷಗಳ ಅನಂತರ ಎಷ್ಟು ಉಳಿದಿವೆ ಎಂದು ಮರಳಿ ಎಣಿಸುವುದೇ ಪ್ರಾಯಶ್ಚಿತ್ತದ ಸತ್ಯಾಸತ್ಯತೆಯನ್ನು ತೋರಿಸುತ್ತದೆ.

ನಮ್ಮ ಪಾಲು

ಕರ್ನಾಟಕದಲ್ಲಿ ಕುಳಿತ ನಮಗೂ ಗುಜರಾತಿನ ಕಡಲಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧ ಮೂರು ಬಗೆಯದು.

ಮೊದಲನೆಯದು ಹಣದ ಸಂಬಂಧ. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದ ಕರ್ಮ ಬಂಧವಾಗುತ್ತದೆ. ನಾವು ಸ್ವತಃ ಬಾಚದಿರಬಹುದು. ಆದರೆ ನಮ್ಮ ಕುಟುಂಬಗಳ ಉಳಿತಾಯವೂ ನಮ್ಮ ಬಸದಿ ಟ್ರಸ್ಟುಗಳ ಠೇವಣಿಯೂ ಯಾವ ಉದ್ಯಮಗಳಿಗೆ ಬಂಡವಾಳವಾಗುತ್ತವೆ? ಭೂಮಿಯನ್ನು ಒಡೆಯುವ, ಸರೋವರಗಳನ್ನು ಬತ್ತಿಸುವ ವೃತ್ತಿಗಳನ್ನು ಪಂಡಿತ ಆಶಾಧರರಂತಹ ಶ್ರಾವಕಾಚಾರಕಾರರು ಖರಕರ್ಮಗಳಲ್ಲಿ ಸೇರಿಸಿದರು. ಆ ಪಟ್ಟಿಯನ್ನು ಪಾಠದಲ್ಲಿ ಓದಿ ಷೇರುಪತ್ರದಲ್ಲಿ ಮರೆಯುವುದು ಸಲ್ಲದು. ಷೇರುದಾರನಿಗೆ ಕಂಪೆನಿಯ ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕಿದೆ. ಸಮೀಕ್ಷೆ ಮಾಡಿಸಿದಿರಾ, ಮಾಡಿದವರು ಯಾರು, ವರದಿಯನ್ನು ಪ್ರಕಟಿಸಿದಿರಾ ಎಂಬ ಮೂರು ಪ್ರಶ್ನೆಗಳು ಸಾಕು.

ಎರಡನೆಯದು ಯಾತ್ರೆಯ ಸಂಬಂಧ. ನರಾರಾಕ್ಕೆ ಹೋಗುವ ಪ್ರವಾಸಿಗಳು ಇಳಿತದ ಹೊತ್ತಿನಲ್ಲಿ ಹವಳಗಳ ನಡುವೆ ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ. ನೋಡುವುದು ತಪ್ಪಲ್ಲ, ನೋಡಿದವನಿಗೇ ಕಾಳಜಿ ಹುಟ್ಟುವುದು. ಆದರೆ ಜೀವಂತ ಹವಳವನ್ನು ತುಳಿಯುವುದು, ಕುತೂಹಲಕ್ಕೆಂದು ಮೀನನ್ನೋ ನಕ್ಷತ್ರಮೀನನ್ನೋ ನೀರಿನಿಂದೆತ್ತಿ ಕೈಯಿಂದ ಕೈಗೆ ದಾಟಿಸುವುದು, ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕುವುದು ಅನರ್ಥದಂಡವಲ್ಲದೆ ಮತ್ತೇನು? ಗಿರನಾರ್ ಯಾತ್ರೆಯನ್ನು ಏರ್ಪಡಿಸುವ ಸಂಘಗಳು ಇದನ್ನು ಯಾತ್ರಿಕರಿಗೆ ಮುಂಚಿತವಾಗಿ ತಿಳಿಸಬೇಕು.

ಮೂರನೆಯದು ನಮ್ಮದೇ ಕಡಲಿನ ಸಂಬಂಧ. ಪ್ರಾಚೀನ ಬಸದಿಗಳಿರುವ ಭಟ್ಕಳದ ಸಮೀಪ, ಮುರುಡೇಶ್ವರದ ಕಡಲಿನಾಚೆ, ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವುಗಳನ್ನು ಕಾಣಲು ಮುಳುಗುಗಾರರು ದೂರದೂರುಗಳಿಂದ ಬರುತ್ತಾರೆ. ಕರಾವಳಿಯ ಜೈನ ಶಾಲೆಗಳೂ ಯುವಕ ಸಂಘಗಳೂ ವಿಜ್ಞಾನಿಗಳೊಡಗೂಡಿ ಅಲ್ಲಿಯ ಜೀವರಾಶಿಯನ್ನು ಅರಿಯುವ ಕಾರ್ಯಕ್ಕೆ ನೆರವಾದರೆ ಅದು ಜೀವದಯೆಯ ಸಾರ್ಥಕ ರೂಪವಾದೀತು. ಗೋಶಾಲೆಗೂ ಪಕ್ಷಿಗಳ ಆಸ್ಪತ್ರೆಗೂ ದಾನಮಾಡುವ ಕೈಗಳು ಸಮೀಕ್ಷೆಯೊಂದಕ್ಕೆ ದಾನ ಮಾಡಿದರೆ ಆ ಪುಣ್ಯ ಕಡಿಮೆಯದೇನಲ್ಲ.

ಕಚ್ ಕೊಲ್ಲಿಯ ಇತಿಹಾಸ ಕಲಿಸುವುದು ಒಂದೇ ಪಾಠವನ್ನು. ದಯೆ ಇಲ್ಲದುದರಿಂದಲ್ಲ, ಅರಿವು ತಡವಾಗಿ ಬಂದುದರಿಂದ ಅಲ್ಲಿ ಹೆಚ್ಚು ಹಾನಿಯಾಯಿತು. ಮೊದಲು ಜ್ಞಾನ, ಅದರ ಹಿಂದೆ ದಯೆ ಎಂಬ ಕ್ರಮವನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟುದಲ್ಲ. ಆ ಮೃಗಗಳು ಕೂಗಿದುವು, ರಥ ನಿಂತಿತು. ಹವಳಗಳು ಕೂಗಲಾರವು. ನಾವೇ ರಥದಿಂದಿಳಿದು, ಬಗ್ಗಿ ನೋಡಿ, ಎಣಿಸಿ, ಆಮೇಲೆ ಮುಂದೆ ಹೋಗುವುದೋ ಹಿಂದಿರುಗುವುದೋ ಎಂದು ನಿರ್ಧರಿಸಬೇಕು.